ಏಳು ಕಲ್ಲಿನ ಓಲೆ ಮತ್ತು ಬೆಳೆಸಿದ ವಜ್ರ

ಪೀತಮ್‌ಪುರದ ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ಒಂದೇ ಚರ್ಚೆ. ಅಕ್ಕನ ಮಗಳ ಮದುವೆಗೆ ಸೋದರಮಾವನಾದ ನಾನು ವಜ್ರದ ಓಲೆ ಕೊಡಬೇಕು. ಅವಳಿಗೆ ಬೇಕಾದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ನನ್ನ ತಾಯಿಯವರಿಗೆ ಅದು 'ಕಾರ್ಖಾನೆ ಕಲ್ಲು'. ಬಿ.ಎಸ್‌ಸಿ. ಓದಿದವನೆಂದು ಪಂಚಾಯಿತಿ ನನ್ನ ಪಾಲಿಗೆ ಬಂತು.

ವಿಜ್ಞಾನದ ಮಾತು ಸುಲಭ. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಭಾರೀ ಒತ್ತಡ, ಶಾಖಗಳಿಂದ ವಜ್ರ ಮಾಡಿದರು. ಈಗ ಮೀಥೇನ್ ಅನಿಲದ ಇಂಗಾಲವನ್ನು ವಜ್ರದ ತೆಳು ಬಿಲ್ಲೆಯ ಮೇಲೆ ಪದರಪದರವಾಗಿ ಕೂರಿಸಿ ಕೆಲವೇ ವಾರಗಳಲ್ಲಿ ಬೆಳೆಸುತ್ತಾರೆ. ಗಣಿಯದೂ ಇಂಗಾಲ, ಇದೂ ಇಂಗಾಲ. 2023ರ ಜೂನ್‌ನಲ್ಲಿ ನಮ್ಮ ಪ್ರಧಾನಿಯವರು ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರಟ್ಟಿನ ಹಸಿರು ವಜ್ರವೂ ಇಂಥದೇ.

ನನ್ನ ತಕರಾರು ವಿನ್ಯಾಸಕಾರರ ಮೇಲೆ. 'ಹೀಗಾದರೆ ಏನಾದೀತು?' ಎಂದು ನಾಳೆಯನ್ನು ಊಹಿಸಿ ವಸ್ತುಗಳನ್ನು ರೂಪಿಸುವ ಪಂಥವೊಂದಿದೆ. ಡನ್ ಮತ್ತು ರೇಬಿ ಎಂಬ ಇಬ್ಬರು 2013ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದರು. ವಜ್ರಕ್ಕೆ ಈ ಕಲ್ಪನೆ ಒಗ್ಗುತ್ತದೆ. ತೀರಿಹೋದವರ ಕೂದಲು, ಚಿತಾಭಸ್ಮಗಳ ಇಂಗಾಲದಿಂದ ವಜ್ರ ಮಾಡಿಕೊಡುವವರಿದ್ದಾರೆ. ಗಾಳಿಯಿಂದ ಹಿಡಿದ ಇಂಗಾಲದಿಂದಲೂ ಮಾಡಿ ತೋರಿಸಿದ್ದಾರೆ. ಜಾಣತನವೇನೋ ಸರಿ. ಆದರೆ ಇವರೆಲ್ಲ ಕೇಳುವುದು 'ಕಲ್ಲು ಎಲ್ಲಿಂದ ಬಂತು?' ಎಂದು. ನಮ್ಮ ಮನೆಗಳಲ್ಲಿ ಕೇಳುವುದು 'ಕಷ್ಟ ಬಂದಾಗ ಒಡವೆ ಎಲ್ಲಿಗೆ ಹೋಗುತ್ತದೆ?' ಎಂದು.

ಅಮ್ಮನ ಏಳು ಕಲ್ಲಿನ ಓಲೆ ಎರಡು ಸಲ ಗಿರವಿ ಅಂಗಡಿ ಕಂಡಿದೆ. ಒಮ್ಮೆ ನನ್ನ ಕಾಲೇಜಿನ ಫೀಸಿಗಾಗಿಯೇ. ಬೆಳೆಸಿದ ವಜ್ರಕ್ಕೆ ಆ ಶಕ್ತಿ ಇಲ್ಲ. ಅದರ ಬೆಲೆ ಇಳಿಯುತ್ತಲೇ ಬಂದಿದೆ. ಡಿ ಬೀರ್ಸ್ ಕಂಪನಿ 2018ರಲ್ಲಿ ಕ್ಯಾರಟ್ಟಿಗೆ 800 ಡಾಲರಿನಂತೆ ಮಾರಲು ತೆರೆದ ತನ್ನ ಲೈಟ್‌ಬಾಕ್ಸ್ ವ್ಯಾಪಾರವನ್ನು ಮುಚ್ಚುವುದಾಗಿ 2025ರಲ್ಲಿ ಸಾರಿತು. ಅಡವಿಡಲಾಗದ ಒಡವೆ ಹೆಣ್ಣಿಗೆ ಏನಾಗಬೇಕು? ಭವಿಷ್ಯವನ್ನು ಊಹಿಸುವವರು ಈ ಪ್ರಶ್ನೆಯನ್ನೇ ಬಿಟ್ಟಿದ್ದಾರೆ.

ಇದನ್ನೇ ಹುಡುಗಿಯ ಮುಂದಿಟ್ಟೆ. "ಅಡ ಇಡೋ ಪ್ರಸಂಗ ಬಾರದಿರಲಿ ಅಂತ ತಾನೇ ಮಾವ, ನಾನು ಕೆಲಸಕ್ಕೆ ಹೋಗೋದು? ಲಾಕರಿನಲ್ಲಿಡೋ ಓಲೆ ನಂಗೆ ಬೇಡ, ದಿನಾ ಮೆಟ್ರೋದಲ್ಲಿ ಹಾಕ್ಕೊಂಡು ಹೋಗೋ ಓಲೆ ಬೇಕು" ಎಂದಳು.

ಯಾವ ವಿನ್ಯಾಸಕಾರನೂ ಕೊಡದ ಉತ್ತರ ಇದು. ಅಲಂಕಾರವೇ ಬೇರೆ, ಆಪದ್ಧನವೇ ಬೇರೆ. ಕೊನೆಗೆ ಬೆಳೆಸಿದ ವಜ್ರದ ಓಲೆಯೇ ಎಂದು ತೀರ್ಮಾನವಾಯಿತು. ಉಳಿದ ಹಣ ಅವಳ ಹೆಸರಿನಲ್ಲಿ ಠೇವಣಿ. ಅಮ್ಮ ಮಾತ್ರ ಒಂದು ಷರತ್ತು ಹಾಕಿದ್ದಾರೆ: ಕಲ್ಲು ಎಲ್ಲಿಯದಾದರೂ ಸರಿ, ಏಳೇ ಇರಬೇಕು.