ಮೇಷ್ಟರ ಅಂಕಪಟ್ಟಿ

ಅಧ್ಯಾಪಕರ ಒತ್ತಡ ಇಳಿಸಬೇಕೆಂದಾಗ ಕಾಲೇಜುಗಳಿಗೆ ಮೊದಲು ಹೊಳೆಯುವುದು ಒಂದು ದಿನದ ಕಾರ್ಯಾಗಾರ. ಬೆಳಿಗ್ಗೆ ಪ್ರಾಣಾಯಾಮ, ಮಧ್ಯಾಹ್ನ ಉಪನ್ಯಾಸ, ಸಂಜೆ ಪ್ರಮಾಣಪತ್ರ. ಆ ಪ್ರಮಾಣಪತ್ರವೂ ಬಡ್ತಿಯ ಕಡತ ಸೇರುತ್ತದೆ. ಒತ್ತಡದ ಬೇರು ಆ ಕಡತದಲ್ಲೇ ಇದೆ ಎನ್ನುವುದಕ್ಕೆ ಪುಣೆಯ ಒಂದು ಅಧ್ಯಯನದಲ್ಲಿ ಸುಳಿವು ಸಿಗುತ್ತದೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ಸಾಧನೆ ಅಳೆಯುವ ಎಪಿಐ ಅಂಕಪದ್ಧತಿ ತಂದಿತು. ಪಾಠ, ಪರೀಕ್ಷೆಯ ಕೆಲಸ, ವಿಚಾರ ಸಂಕಿರಣ, ಸಂಶೋಧನಾ ಲೇಖನ ಎಲ್ಲಕ್ಕೂ ಅಂಕವಿತ್ತು. ಅಂಕ ತುಂಬಿದರೆ ಬಡ್ತಿ ಸಿಗುತ್ತಿತ್ತು. ವಾರಕ್ಕೆ 16 ಗಂಟೆ ಪಾಠ ಮಾಡಿ, ಉತ್ತರಪತ್ರಿಕೆ ತಿದ್ದಿ, ಕಾಲೇಜಿನ ಮೌಲ್ಯಮಾಪನಕ್ಕೆ ಬರುವ ನ್ಯಾಕ್ ತಂಡಕ್ಕೆಂದು ಪ್ರತಿ ಕಾರ್ಯಕ್ರಮದ ಜಿಯೊಟ್ಯಾಗ್ ಫೋಟೊ, ಹಾಜರಿ ಪಟ್ಟಿ ಜೋಡಿಸುವ ಮೇಷ್ಟರು ಸಂಶೋಧನೆ ಮಾಡುವುದು ಯಾವಾಗ? ಆ ಇಕ್ಕಟ್ಟಿನಲ್ಲೇ ದುಡ್ಡು ಪಡೆದು ಲೇಖನ ಅಚ್ಚುಹಾಕುವ ಪತ್ರಿಕೆಗಳು ಬೆಳೆದವು.

ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಯುಜಿಸಿಯ ಮಾನ್ಯ ಪತ್ರಿಕೆಗಳ ಪಟ್ಟಿ ಸೇರಿದ್ದ 1009 ಪತ್ರಿಕೆಗಳನ್ನು ಪರಿಶೀಲಿಸಿದರೆ, ಶೇ 88ಕ್ಕೂ ಹೆಚ್ಚು ಕಳಪೆ ಎನಿಸಿದವು. ಅವರು ಅಳೆದದ್ದು ಪತ್ರಿಕೆಗಳನ್ನು, ಅಧ್ಯಾಪಕರ ಮನಸ್ಸನ್ನಲ್ಲ. ಆದರೂ ಕಾರ್ಯಕ್ಷಮತೆಯನ್ನು ಎಣಿಕೆಗೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾಖಲೆ ಅಪರೂಪ. ಇಂಥ ಪತ್ರಿಕೆಗಳಿಗೆ ಲೇಖನ ಕೊಡುವುದನ್ನು ಮೇಷ್ಟರ ಸೋಮಾರಿತನವೆಂದು ಓದುವುದು ಅನ್ಯಾಯ.

ಪತ್ರಿಕೆಗಳನ್ನು ಸೋಸಲು ‘ಯುಜಿಸಿ–ಕೇರ್’ ಪಟ್ಟಿ ಬಂತು. ಅದರ ಕೆಲಸವೂ ಪುಣೆಯಲ್ಲೇ ನಡೆಯಿತು. ಒಳ್ಳೆಯ ಕೆಲಸವೇ. ಆದರೆ ಸೋಸಿದ್ದು ಪತ್ರಿಕೆಗಳನ್ನಷ್ಟೇ, ಬೇಡಿಕೆಯನ್ನಲ್ಲ: 2018ರ ನಿಯಮದಂತೆ ನೇರ ನೇಮಕಾತಿಯಲ್ಲಿ ಸಹ ಪ್ರಾಧ್ಯಾಪಕರಿಗೆ 7, ಪ್ರಾಧ್ಯಾಪಕರಿಗೆ 10 ಪ್ರಕಟಣೆ ಬೇಕು.

ಇನ್ನು ಮಹಾರಾಷ್ಟ್ರದ ಕಾಲೇಜುಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವ ಅಧ್ಯಾಪಕರಿದ್ದಾರೆ. ತರಗತಿ ಇಲ್ಲದ ದಿನ ಸಂಬಳವೂ ಇಲ್ಲ. ಮುಂದಿನ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಕಾಯುವವರಿಗೆ ಪ್ರಾಣಾಯಾಮ ಎಷ್ಟು ಹೊತ್ತಿನ ನೆಮ್ಮದಿ ಕೊಟ್ಟೀತು? ಕೆಲಸದ ಸ್ಥಳದ ಮಾನಸಿಕ ಆರೋಗ್ಯ ಕುರಿತ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ವ್ಯಕ್ತಿಗೆ ತರಬೇತಿ ಕೊಡುವುದರ ಜೊತೆಗೆ ಕೆಲಸದ ಪರಿಸ್ಥಿತಿಯನ್ನೇ ಸರಿಪಡಿಸಲು ಹೇಳುತ್ತದೆ. ನಮ್ಮ ಕಾರ್ಯಾಗಾರಗಳು ಮೊದಲರ್ಧವನ್ನಷ್ಟೇ ಓದಿಕೊಂಡಂತಿವೆ. ಖಾಲಿ ಹುದ್ದೆ ತುಂಬುವುದು, ದಾಖಲೆ ಕೆಲಸಕ್ಕೆ ಬೇರೆ ಸಿಬ್ಬಂದಿ ಕೊಡುವುದು ಯಾವ ಕಾರ್ಯಾಗಾರದ ಕೈಯಲ್ಲೂ ಇಲ್ಲ.

2025ರ ಫೆಬ್ರುವರಿಯಲ್ಲಿ ಯುಜಿಸಿ ‘ಕೇರ್’ ಪಟ್ಟಿಯನ್ನೂ ಕೈಬಿಟ್ಟು, ಪತ್ರಿಕೆಯ ಗುಣ ಅಳೆಯುವ ಹೊಣೆಯನ್ನು ಸಂಸ್ಥೆಗಳಿಗೇ ಒಪ್ಪಿಸಿತು. ಅದಕ್ಕೂ ಕಾಲೇಜಿನಲ್ಲಿ ಒಂದು ಸಮಿತಿ ಬೇಕು. ಆ ಸಮಿತಿಯಲ್ಲಿ ಕೂರುವವರೂ ಇದೇ ಮೇಷ್ಟರು.