ಸ್ಯಾಂಪಲ್ ಫ್ಲ್ಯಾಟಿನ ಜಾಣತನ

ಗುರುಗ್ರಾಮ, ನೋಯ್ಡಾಗಳ ಹೊಸ ಅಪಾರ್ಟ್‌ಮೆಂಟುಗಳ ಜಾಹೀರಾತಿನಲ್ಲಿ ಈಜುಕೊಳ, ಕ್ಲಬ್‌ಹೌಸ್‌ಗಳ ಸಾಲಿಗೆ ಈಗ ‘ಸ್ಮಾರ್ಟ್ ಹೋಮ್’ ಸೇರಿಕೊಂಡಿದೆ. ಕೊಳ್ಳುವವರು ಮಾರುಹೋಗುವುದು ಅದರ ಉಪಯೋಗಕ್ಕಿಂತ ಪ್ರದರ್ಶನಕ್ಕೆ ಎಂಬುದು ನನ್ನ ವಾದ. ಸ್ಯಾಂಪಲ್ ಫ್ಲ್ಯಾಟಿನ ಒಂದು ನಿಮಿಷವನ್ನೇ ನೋಡಿ. ಸೇಲ್ಸ್‌ನವನು ‘ಗುಡ್ ನೈಟ್’ ಎನ್ನುತ್ತಾನೆ. ಪರದೆ ಸರಿಯುತ್ತದೆ, ದೀಪಗಳು ಆರುತ್ತವೆ, ಎಸಿ 24 ಡಿಗ್ರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಕರೆಂಟು ಹೋಗುವುದಿಲ್ಲ, ವೈಫೈ ಕೈಕೊಡುವುದಿಲ್ಲ, ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಒತ್ತಿಬಿಡುವ ಅಜ್ಜಿಯೂ ಇಲ್ಲ. ಸಂಸಾರ ಹೂಡಿದ ಮನೆಯಲ್ಲಿ ಮೂರೂ ಉಂಟು. ಮೇ ತಿಂಗಳ ರಾತ್ರಿ ಕರೆಂಟು ಹೋಗಿ ಸೊಸೈಟಿಯ ಜನರೇಟರ್ ಶುರುವಾಗುವ ನಡುವಿನ ಕೆಲವೇ ಸೆಕೆಂಡು ಸಾಕು: ರೂಟರ್ ಮೊದಲಿಂದ ಆನ್ ಆಗಬೇಕು, ಎಷ್ಟೋ ಸ್ಮಾರ್ಟ್ ಬಲ್ಬುಗಳು, ಸೆಟ್ಟಿಂಗ್ ಬದಲಿಸದಿದ್ದರೆ, ಕರೆಂಟು ಬಂದೊಡನೆ ಪೂರ್ತಿ ಪ್ರಖರವಾಗಿ ಹೊತ್ತಿಕೊಳ್ಳುತ್ತವೆ. ಫೋನಿನಿಂದ ಆರಿಸೋಣವೆಂದರೆ ವೈಫೈ ಇನ್ನೂ ಬಂದಿರುವುದಿಲ್ಲ. ಎದ್ದು ಗೋಡೆಯ ಸ್ವಿಚ್ ಒತ್ತಿದರೆ ಬಲ್ಬು ಆರುತ್ತದೆ, ನಿಜ. ಆದರೆ ಸ್ವಿಚ್ ಆಫ್ ಆಗಿರುವುದರಿಂದ ಬೆಳಗ್ಗೆ ಆ ಬಲ್ಬು ಆ್ಯಪಿಗೆ ಸಿಗುವುದೇ ಇಲ್ಲ.

ಟೀಕಾಕಾರರು ಸಾಮಾನ್ಯವಾಗಿ ಎತ್ತುವುದು ಖಾಸಗಿತನದ ಪ್ರಶ್ನೆಯನ್ನು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದ 2017ರ ತೀರ್ಪನ್ನು ನೆನಪಿಸುವುದೂ ಸರಿಯೇ. ಆದರೆ ಎಲ್ಲವನ್ನೂ ನೋಡುವ, ಎಲ್ಲವನ್ನೂ ಕೇಳುವ ಮನೆ ಎಂದು ಹೆದರಿಸುವಾಗ ಅವರೂ ಬ್ರೋಷರಿನ ಬಡಾಯಿಯನ್ನೇ ನಂಬಿರುತ್ತಾರೆ. ಸೊಸೈಟಿಯ ಗೇಟಿನ ಆ್ಯಪಿನಲ್ಲಿ ದಿನವೂ ದಾಖಲಾಗುವುದು ಮನೆಗೆಲಸದವರು ಬಂದುಹೋದ ಹೊತ್ತು. ಮಾಲೀಕರ ಖಾಸಗಿತನಕ್ಕೆ ಮರುಗುವವರು ಅತ್ತ ತಿರುಗಿಯೂ ನೋಡಿದಂತಿಲ್ಲ. ಕೊಳ್ಳುವವರ ನಿಜವಾದ ಭಯಕ್ಕೆ ಕಾರಣ ಬೇರೆಯೇ ಇದೆ. 2022ರ ಫೆಬ್ರುವರಿಯಲ್ಲಿ ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಅಪಾರ್ಟ್‌ಮೆಂಟಿನಲ್ಲಿ ಮಹಡಿಗಳು ಕುಸಿದು ಇಬ್ಬರು ಸತ್ತರು. ಐಐಟಿ ದೆಹಲಿಯ ತಪಾಸಣೆಯಲ್ಲಿ ಕಾಂಕ್ರೀಟಿನೊಳಗೆ ಕಬ್ಬಿಣಕ್ಕೆ ತುಕ್ಕು ಹಿಡಿಸುವ ಕ್ಲೋರೈಡ್ ಪತ್ತೆಯಾಯಿತು. ನೋಯ್ಡಾದ ಬಿಲ್ಡರ್ ಆಮ್ರಪಾಲಿಗೆ ಹಣ ಕಟ್ಟಿದ ಸಾವಿರಾರು ಮಂದಿ ವರ್ಷಗಟ್ಟಲೆ ಕಾದ ಮೇಲೆ, 2019ರಲ್ಲಿ ಸುಪ್ರೀಂ ಕೋರ್ಟ್ ಬಾಕಿ ಕೆಲಸವನ್ನು ಸರ್ಕಾರಿ ನಿರ್ಮಾಣ ಕಂಪನಿ ಎನ್‌ಬಿಸಿಸಿಗೆ ಒಪ್ಪಿಸಬೇಕಾಯಿತು. ಕಾಂಕ್ರೀಟಿನ ಗುಣ ಕೊಳ್ಳುವವರ ಕಣ್ಣಿಗೆ ಬೀಳದು. ಪರದೆ ಸರಿಯುವುದು ಕಾಣುತ್ತದೆ. ಇಷ್ಟು ಸಲ ಮೋಸಹೋದ ಊರುಗಳಲ್ಲಿ ಕಣ್ಣಾರೆ ಕಂಡದ್ದೇ ಭರವಸೆಯಾಗುವುದು ಸಹಜ. ಸ್ಮಾರ್ಟ್ ಹೋಮಿನ ಆಕರ್ಷಣೆ ಇರುವುದು ಅಲ್ಲಿ.

ಮಂಡಿನೋವಿನ ಹಿರಿಯರಿಗೆ, ಒಂಟಿಯಾಗಿರುವವರಿಗೆ ಇದು ಉಪಕಾರಿಯಲ್ಲವೇ ಎನ್ನಬಹುದು. ಖಂಡಿತ. ಆದರೆ ಅವರಿಗೆ ಬೇಕಾದ ಬಲ್ಬು, ಬೀಗ, ಕ್ಯಾಮೆರಾ ಅಂಗಡಿಯಲ್ಲೇ ಸಿಗುತ್ತವೆ. ಅದಕ್ಕಾಗಿ ಗೃಹಸಾಲದ ಬಡ್ಡಿ ತೆರಬೇಕಿಲ್ಲ. ಉಪಕರಣದ ಆಯಸ್ಸು ಸಾಲದಷ್ಟು ದೀರ್ಘವೂ ಅಲ್ಲ: ಗೂಗಲ್ ಬಳಗದ ನೆಸ್ಟ್ ಕೊಂಡಿದ್ದ ರಿವಾಲ್ವ್ ಕಂಪನಿಯ ಸ್ಮಾರ್ಟ್ ಹೋಮ್ ಹಬ್‌ನ ಸೇವೆ 2016ರಲ್ಲಿ ನಿಂತಾಗ, ಸುಸ್ಥಿತಿಯಲ್ಲಿದ್ದ ಪೆಟ್ಟಿಗೆಗಳೂ ಕೆಲಸಕ್ಕೆ ಬಾರದಾದವು. 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯ 12ನೇ ಸೆಕ್ಷನ್ ಸುಳ್ಳು ಜಾಹೀರಾತಿಗೆ ಪರಿಹಾರ ಕೊಡಿಸುತ್ತದೆ. ಬರೀ ‘ಸ್ಮಾರ್ಟ್’ ಎಂದಿದ್ದರೆ ಯಾವುದನ್ನು ಸುಳ್ಳೆಂದು ಸಾಧಿಸುವುದು? ಕಂಪನಿ, ಮಾಡೆಲ್, ಸರ್ವರ್ ಎಷ್ಟು ವರ್ಷ ನಡೆಯುತ್ತದೆ ಎಂಬುದನ್ನು ಕರಾರಿನಲ್ಲಿ ಬರೆದುಕೊಡದ ಬಿಲ್ಡರನ ಹತ್ತಿರ ಈ ಸೌಲಭ್ಯಕ್ಕೆ ಸೊನ್ನೆ ಬೆಲೆ ಕಟ್ಟಿ ಚೌಕಾಶಿಗೆ ಕೂರುವುದು ಒಳ್ಳೆಯದು.