ವರಘೋಡೊ ನಿಂತಾಗ ಕೇಳುವ ಕ್ಲಾರಿನೆಟ್

ಉತ್ಥಾನ ದ್ವಾದಶಿ ಕಳೆಯಿತೆಂದರೆ ಅಹಮದಾಬಾದಿನ ಬೋಪಾಲ್‌ನಲ್ಲಿ ಮದುವೆಯ ಮೆರವಣಿಗೆಗಳು ಶುರು. ಕುದುರೆಯ ಮೇಲೆ ಮದುಮಗ, ಮುಂದೆ ಬ್ಯಾಂಡ್, ಇಕ್ಕೆಲದಲ್ಲಿ ದೀಪ ಹೊತ್ತವರು. ಗುಜರಾತಿಗಳು ಇದನ್ನು ವರಘೋಡೊ ಎನ್ನುತ್ತಾರೆ. ಗೇಟಿನೆದುರು ಮೆರವಣಿಗೆ ಒಂದು ಗಳಿಗೆ ನಿಂತಾಗ ಕ್ಲಾರಿನೆಟ್ ಊದುವವನ ಪಕ್ಕಕ್ಕೆ ಹೋಗಿ ನೋಡಬೇಕು. ಮೈಮೇಲೆ ಸಿಪಾಯಿಯ ಕೋಟು: ಹೆಗಲಿಗೆ ಜರಿಪಟ್ಟಿ, ಎದೆಗೆ ಹಿತ್ತಾಳೆಯ ಗುಂಡಿ. ಬೆರಳುಗಳು ಮಾತ್ರ ಯಾರ ಅಪ್ಪಣೆಗೂ ಕಾಯುವುದಿಲ್ಲ. ರಂಧ್ರವನ್ನು ಪೂರ್ತಿ ಮುಚ್ಚದೆ ಅರ್ಧಕ್ಕೆ ಸರಿಸಿ, ತುಟಿಯ ಬಿಗಿ ಚೂರು ಸಡಿಲಿಸಿ, ಆತ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾನೆ. ಆ ಜಾರು ಕವಾಯತಿನ ಮೈದಾನದಲ್ಲಿ ಹುಟ್ಟಿದ್ದಲ್ಲ.

ಕೋಟು ಬ್ರಿಟಿಷ್ ರೆಜಿಮೆಂಟುಗಳಿಂದ ಬಂತು. ಕಹಳೆ, ಕ್ಲಾರಿನೆಟ್, ಸೈಡ್ ಡ್ರಮ್ಮುಗಳೂ ಅಲ್ಲಿಂದಲೇ ಬಂದವು. ಜಪಾನಿನ ಕಥೆಯೂ ಬೇರೆಯಲ್ಲ. 1869ರಲ್ಲಿ ಸತ್ಸುಮಾ ಪ್ರಾಂತ್ಯದ ತರುಣರು ಯೊಕೊಹಾಮಾದಲ್ಲಿ ಬ್ರಿಟಿಷ್ ಬ್ಯಾಂಡ್ ಮಾಸ್ಟರ್ ಜಾನ್ ವಿಲಿಯಂ ಫೆಂಟನ್ ಬಳಿ ಪಾಠಕ್ಕೆ ಕುಳಿತರು. ಆ ದೇಶದ ರಾಷ್ಟ್ರಗೀತೆ ಕಿಮಿಗಾಯೊಗೆ ಮೊದಲ ಧಾಟಿ ಕೂಡಿಸಿದವನೂ ಇದೇ ಫೆಂಟನ್. ಜಪಾನಿಯರ ಕಿವಿಗೆ ಅದು ಒಗ್ಗಲಿಲ್ಲ, 1880ರಲ್ಲಿ ಹೊಸ ಧಾಟಿ ಬಂತು. ಬ್ಯಾಂಡನ್ನು ಮಾತ್ರ ಅವರು ಬಿಡಲಿಲ್ಲ. ಅದು ಶಾಲೆ ಶಾಲೆಗೂ ಹಬ್ಬಿತು. ಇವತ್ತು ಕ್ಯೋಟೋದ ತಾಚಿಬಾನಾ ಹೈಸ್ಕೂಲಿನ ಮಕ್ಕಳು ಕಿತ್ತಳೆ ಬಣ್ಣದ ಉಡುಪಿನಲ್ಲಿ ಊದುತ್ತಲೇ ಕುಣಿಯುತ್ತಾರೆ, ಕಾಲು ಚಿಮ್ಮುತ್ತಾರೆ. ಅಮೆರಿಕದ ಪಾಸಡೀನಾದಲ್ಲಿ ನಡೆಯುವ ರೋಸ್ ಪರೇಡಿಗೆ 2012, 2018 ಮತ್ತು 2025ರಲ್ಲಿ ಹೋಗಿ ಬಂದವರು ಅವರು. ಕುಣಿತ ಎಷ್ಟೇ ಏರಿದರೂ ಸಾಲು ಮುರಿಯುವುದಿಲ್ಲ. ಕವಾಯತು ಮೈಗೆ ಹತ್ತಿರುವುದರಿಂದಲೇ ಕುಣಿಯುವ ಧೈರ್ಯ ಬಂದಿದೆ.

ಬೋಪಾಲ್‌ನಿಂದ ಎರಡು ತಾಸಿನ ಹಾದಿಯ ವಡೋದರೆಯಲ್ಲಿ, ಅಂದಿನ ಬರೋಡಾದಲ್ಲಿ, ಕವಾಯತನ್ನೂ ರಾಗವನ್ನೂ ಕೂಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಒಂದು ಸಂಸ್ಥಾನವೇ ಕೈಗೆತ್ತಿಕೊಂಡಿತ್ತು. ಮೂರನೆಯ ಸಯಾಜಿರಾವ್ ಗಾಯಕವಾಡರ ಬರೋಡಾದಲ್ಲಿ ಒಂದು ಕಡೆ ಬ್ಯಾಂಡ್ ಮಾಸ್ಟರ್ ಫ್ರೆಡಿಲಿಸ್, ಇನ್ನೊಂದು ಕಡೆ ಸಂಗೀತಗಾರ ಮೌಲಾ ಬಕ್ಷ್. ಈ ಮೌಲಾ ಬಕ್ಷ್ ಕನ್ನಡಿಗರಿಗೆ ಪರಕೀಯರಲ್ಲ. ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತವನ್ನೂ ಕಲಿತು, ಟಿಪ್ಪುವಿನ ವಂಶದ ಹೆಣ್ಣನ್ನು ಮದುವೆಯಾದವರು. ರಾಗಗಳನ್ನು ಬರೆದಿಡಲು ಅವರು ತಮ್ಮದೇ ಸ್ವರಲಿಪಿ ರೂಪಿಸಿದರು. 1886ರಲ್ಲಿ ಬರೋಡಾದಲ್ಲಿ ಅವರ ಗಾಯನಶಾಲೆ ತೆರೆಯಿತು. ಇಂದಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಬೇರು ಅಲ್ಲಿದೆ. ಮಗ ಅಲ್ಲಾವುದ್ದೀನ್ ಖಾನರು ಲಂಡನ್ನಿಗೆ ಹೋಗಿ ಪಾಶ್ಚಾತ್ಯ ಸಂಗೀತ ಓದಿ ಬಂದರು. ತಂದೆ ರಾಗಕ್ಕೆ ಲಿಪಿ ಹುಡುಕಿದ ಮನೆಯಲ್ಲಿ ಮಗ ಸ್ಟಾಫ್ ನೊಟೇಶನ್ ಓದುತ್ತಿದ್ದ ದೃಶ್ಯ ಎಷ್ಟು ಚೆಂದ!

ಮೈಸೂರು ಹಿಡಿದ ದಾರಿ ಬೇರೆ. ಅಲ್ಲಿ ಎರಡು ಬ್ಯಾಂಡುಗಳು: ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್. ಒಂದಕ್ಕೆ ಮಾರ್ಚು, ವಾಲ್ಟ್ಸು; ಇನ್ನೊಂದಕ್ಕೆ ಕೃತಿ, ರಾಗ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೀಣೆ ವೆಂಕಟಗಿರಿಯಪ್ಪನವರು ವಾದ್ಯವೃಂದಕ್ಕೆಂದೇ ನಗ್ಮಾ ಎಂಬ ವಾದ್ಯರಚನೆಗಳನ್ನು ಮಾಡಿದರು. ಸಂಸ್ಥಾನ ಹೋದ ಮೇಲೆ ಬ್ಯಾಂಡುಗಳು ಪೊಲೀಸ್ ಇಲಾಖೆಯ ಪಾಲಾದವು. ಸಮವಸ್ತ್ರ ತೊಟ್ಟ ಪೊಲೀಸರು ಪಿಟೀಲು ಹಿಡಿದು ಕುಳಿತು ತ್ಯಾಗರಾಜರ ಕೃತಿ ನುಡಿಸುವುದನ್ನು ದಸರೆಯಲ್ಲಿ ಈಗಲೂ ಕೇಳಬಹುದು. ತಾಚಿಬಾನಾದ ಮಕ್ಕಳು ಒಂದೇ ಮೈಯಲ್ಲಿ ಮಾಡಿದ್ದನ್ನು ಮೈಸೂರು ಎರಡು ತಂಡಗಳಿಗೆ ಹಂಚಿಕೊಟ್ಟಿತು. ಶಿಸ್ತಿನ ಇಲಾಖೆಯೊಳಗೇ ರಾಗಕ್ಕೆ ಒಂದು ಕೋಣೆ ಕಟ್ಟಿಕೊಟ್ಟದ್ದು ಸಣ್ಣ ಮಾತಲ್ಲ.

ಆದರೆ ಈ ಎರಡು ಬ್ಯಾಂಡುಗಳ ನಡುವಿನ ಗೋಡೆಯನ್ನು ಒಡೆದವರು ಹೊರಗಿನಿಂದ ಬಂದರು. ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಕ್ಲಾರಿನೆಟ್ಟಿನಲ್ಲಿ ಸಿಗುವಂತೆ ಅದರ ರಂಧ್ರ ಬೆರಳಿಗೆ ಸಿಗದು. ನಡುವೆ ಕೀಲಿಯೂ ಪ್ಯಾಡೂ ಇವೆ. ಕೀಲಿ ಒತ್ತಿದರೆ ಸ್ವರ ಮೆಟ್ಟಿಲಿನಂತೆ ಹಾರುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಗಮಕಕ್ಕೆ ಬೇಕಾದ್ದು ಇಳಿಜಾರು. ಅದನ್ನು ಉಸಿರಿನಿಂದ, ತುಟಿಯಿಂದ, ವರ್ಷಗಟ್ಟಲೆಯ ಸಾಧನೆಯಿಂದ ಅವರು ಒಲಿಸಿಕೊಂಡರು. ಮಂಗಳೂರಿನ ಗೋಪಾಲಕೃಷ್ಣ ಅಯ್ಯರ್, ಚೆನ್ನೈನ ಟಿ.ವಿ. ಗೋಪಾಲಕೃಷ್ಣನ್ ಗುರುಗಳು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ರೆಜಿಮೆಂಟಿನೊಂದಿಗೆ ಬಂದ ವಾದ್ಯ ಗಮಕ ಕಲಿತು ರೆಜಿಮೆಂಟಿನ ಊರಿಗೇ ಹೋಗಿ ಬಂದಂತಾಯಿತು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಇಷ್ಟಾದರೂ ನಮ್ಮ ಶಾಲೆಗಳ ಬ್ಯಾಂಡ್ ಇನ್ನೂ ಪಿ.ಟಿ. ಮಾಸ್ತರರ ಸೀಟಿಯ ಅಂಕೆಯಲ್ಲಿದೆ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಮಾರ್ಚ್ ನುಡಿಸಿ ವಾದ್ಯಗಳು ಬೀರು ಸೇರುತ್ತವೆ. ಮಕ್ಕಳಿಗೆ ಉಸಿರಿದೆ, ಹೆಜ್ಜೆಯಿದೆ. ಎರಡನೇ ಪೀರಿಯಡ್‌ನಲ್ಲಿ ಸಂಗೀತದ ಟೀಚರ್ ಬಂದು ಅದೇ ಕ್ಲಾರಿನೆಟ್ಟಿನಲ್ಲಿ ಮೋಹನ ರಾಗದ ಆರೋಹಣ ಊದಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ.

ಬೋಪಾಲ್‌ನ ರಸ್ತೆಗಳಲ್ಲಿ ಟೆಂಪೊ ಮೇಲಿನ ಡಿಜೆ ಬ್ಯಾಂಡಿನವರ ಜಾಗ ತಿನ್ನುತ್ತಿದೆ. ಆದರೂ ಮಂಟಪದ ಬಾಗಿಲಲ್ಲಿ ಹೆಂಗಸರು ಗರ್ಬಾಗೆ ಸುತ್ತು ಕಟ್ಟಿದೊಡನೆ ಕ್ಲಾರಿನೆಟ್ಟಿನವನು ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬರುತ್ತಾನೆ, ಕೋಟಿನ ಮೇಲಿನ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ ಊದುತ್ತಾನೆ.